ಬಾಲರ ಸಮೀಪದೃಷ್ಟಿಯೂ ಅಟ್ರೋಪೀನ್ ಹನಿಯೂ

ಕನ್ನಡನಾಡಿನ ಉತ್ತರಭಾಗದಲ್ಲಿ ಹಿಂದಿನ ತಲೆಮಾರಿನವರು ಕನ್ನಡಕವನ್ನು ಚಾಳೀಸು ಎಂದು ಕರೆಯುವುದು ರೂಢಿಯಾಗಿತ್ತು. ಮರಾಠಿಯ ‘ಚಾಳಿಶಿ’ ಎಂಬುದಕ್ಕೂ ಇದಕ್ಕೂ ಇರುವ ಸಂಬಂಧವು ಸ್ಪಷ್ಟವಾದುದು. ಎರಡರ ಬುಡದಲ್ಲಿಯೂ ಇರುವುದು ನಾಲ್ವತ್ತೆಂಬ ಸಂಖ್ಯೆಯೇ. ನಾಲ್ವತ್ತು ತುಂಬಿದವನಿಗೆ ಪುಸ್ತಕದ ಅಕ್ಷರವು ಮಸುಕಾಗಿ, ಅದನ್ನು ತೋಳಿನುದ್ದಕ್ಕೆ ಚಾಚಿ ಹಿಡಿದು ಓದಬೇಕಾದ ಕಾಲಕ್ಕೆ ಮೂಗನ್ನೇರತಕ್ಕ ವಸ್ತುವಾದುದರಿಂದ ಅದಕ್ಕೆ ಆ ಹೆಸರು ಬಂದಿತು. ಈಗಲಾದರೋ ಬೆಳಗಾವಿಯ ಶಿವಬಸವನಗರದಲ್ಲಿ, ನಾಗನೂರು ರುದ್ರಾಕ್ಷಿಮಠದ ಸುತ್ತಣ ಬೀದಿಗಳಲ್ಲಿ, ಶಾಲೆ ಬಿಡುವ ಹೊತ್ತಿಗೆ ನಿಂತು ನೋಡುವವರಿಗೆ ಎಂಟು ಹತ್ತು ವರ್ಷದ ಬಾಲರ ಮೂಗಿನ ಮೇಲೆಯೂ ಈ ನಾಲ್ವತ್ತರ ವಸ್ತುವು ಕಾಣಸಿಗುವುದು. ಆ ಮಕ್ಕಳಿಗೆ ಬಂದಿರುವುದು ನಾಲ್ವತ್ತರ ದೋಷವಲ್ಲ. ಬಹುಮಟ್ಟಿಗೆ ಅದಕ್ಕೆ ವಿಪರೀತವಾದುದು. ಹತ್ತಿರದ ಪುಸ್ತಕವು ಅವರಿಗೆ ಚೆನ್ನಾಗಿ ಕಾಣುತ್ತದೆ. ದೂರದ ಕರಿಹಲಗೆಯು ಕಾಣುವುದಿಲ್ಲ. ವರ್ಷ ವರ್ಷವೂ ಕನ್ನಡಕವನ್ನು ಬದಲಿಸಬೇಕಾಗುವುದರಿಂದ ‘ನಂಬರು ಏರುತ್ತಲೇ ಇದೆ, ನಿಲ್ಲಿಸುವುದಕ್ಕೆ ಮದ್ದಿಲ್ಲವೆ?’ ಎಂದು ತಂದೆತಾಯಿಗಳು ಕೇಳುತ್ತಾರೆ. ಬಹುಕಾಲ ಈ ಪ್ರಶ್ನೆಗೆ ‘ಇಲ್ಲ’ ಎಂಬುದೇ ಉತ್ತರವಾಗಿತ್ತು. ಕಳೆದ ಇಪ್ಪತ್ತು ವರ್ಷಗಳಲ್ಲಿ ಉತ್ತರವು ಬದಲಾಗಿದೆ. ಬದಲಾದ ಉತ್ತರವು ಎಷ್ಟರಮಟ್ಟಿಗೆ ನೆಚ್ಚತಕ್ಕದ್ದು ಎಂಬುದನ್ನು ವಿಚಾರಿಸುವುದೇ ಇಲ್ಲಿಯ ಉದ್ದೇಶ.

ಮೊದಲು ಹೆಸರಿನ ತೊಡಕನ್ನು ಬಿಡಿಸಿಕೊಳ್ಳುವುದು ಒಳ್ಳೆಯದು. ಪಾಠಪುಸ್ತಕಗಳಲ್ಲಿ ಈ ದೋಷಕ್ಕೆ ಸಮೀಪದೃಷ್ಟಿಯೆಂದೂ ಇದಕ್ಕೆದುರಾದುದಕ್ಕೆ ದೂರದೃಷ್ಟಿಯೆಂದೂ ಹೆಸರಿಟ್ಟಿದ್ದಾರೆ. ‘ಸಮೀಪದೃಷ್ಟಿದೋಷ’ ಎಂಬುದನ್ನು ಕೇಳಿದ ಸಾಮಾನ್ಯನು ಸಮೀಪದ ದೃಷ್ಟಿಯಲ್ಲಿಯೇ ದೋಷವಿದೆಯೆಂದು ತಿಳಿಯುವುದು ಸಹಜ. ಸಮಾಸವು ಆ ಅರ್ಥಕ್ಕೂ ಎಡೆಗೊಡುತ್ತದೆ. ದೂರದೃಷ್ಟಿಯಂತೂ ಲೋಕವ್ಯವಹಾರದಲ್ಲಿ ಮಂತ್ರಿಗಿರಬೇಕಾದ ಗುಣವೇ ಹೊರತು ರೋಗವಲ್ಲ. ಹ್ರಸ್ವದೃಷ್ಟಿಯೆಂಬ ಮಾತನ್ನು ಕೆಲವರು ಬಳಸಿದ್ದಾರೆ, ಅದು ನಿಲ್ಲಲಿಲ್ಲ. ಇನ್ನು ಸುಶ್ರುತನು ಎಣಿಸುವ ೭೬ ನೇತ್ರರೋಗಗಳಲ್ಲಿ ಬರುವ ತಿಮಿರವೇ ಇದು ಎಂದು ಹೇಳುವವರೂ ಉಂಟು. ತಿಮಿರದ ಲಕ್ಷಣಗಳೊಳಗೆ ದೂರಸಮೀಪಗಳ ವಿಪರ್ಯಾಸವು ಹೇಳಲ್ಪಟ್ಟಿರುವುದು ನಿಜ. ಆದರೆ ಅದು ಕುರುಡಿನತ್ತ ನಡೆವ ರೋಗಪರಂಪರೆಯ ಒಂದು ಮೆಟ್ಟಿಲೇ ಹೊರತು ಬೆಳೆಯುವ ಮಕ್ಕಳ ಕಣ್ಣಿನ ಅಳತೆಯ ಮಾತಲ್ಲ. ಎರಡನ್ನೂ ಒಂದೆನ್ನುವುದು ಅವಸರದ ಮಾತಾದೀತು.

ಅಳತೆಯ ಮಾತೆಂದುದು ಅಕ್ಷರಶಃ ನಿಜ. ಹುಟ್ಟಿದ ಕೂಸಿನ ಕಣ್ಣಿನ ಗೋಲವು ಮುಂದಣಿಂದ ಹಿಂದಕ್ಕೆ ಸುಮಾರು ೧೬-೧೭ ಮಿಲಿಮೀಟರು ಉದ್ದವಾಗಿರುತ್ತದೆ. ಪ್ರಾಯಕ್ಕೆ ಬಂದವನಲ್ಲಿ ೨೩-೨೪ ಮಿಲಿಮೀಟರು. ಈ ಬೆಳವಣಿಗೆಯು ಹದವರಿತು ನಿಂತರೆ ಹೊರಗಿನ ಬೆಳಕು ಸರಿಯಾಗಿ ಅಕ್ಷಿಪಟದ ಮೇಲೆಯೇ ಕೂಡುತ್ತದೆ. ನಿಲ್ಲಬೇಕಾದಲ್ಲಿ ನಿಲ್ಲದೆ ಗೋಲವು ಉದ್ದವಾಗುತ್ತ ಹೋದರೆ ಬೆಳಕು ಅಕ್ಷಿಪಟಕ್ಕಿಂತ ಮುಂದೆಯೇ ಕೂಡಿ, ದೂರದ ವಸ್ತು ಮಬ್ಬಾಗುತ್ತದೆ. ೧ ಮಿಲಿಮೀಟರಿನ ಹೆಚ್ಚಳವು ಸುಮಾರು ಎರಡೂವರೆ ಮೂರು ಡಯಾಪ್ಟರುಗಳಷ್ಟು ದೋಷವನ್ನು ತರುತ್ತದೆ. ಡಯಾಪ್ಟರೆಂಬುದು ಜನರು ‘ನಂಬರು’ ಎನ್ನುವ ಮಾನವೇ. ೧ ನಂಬರಿನವನಿಗೆ ಒಂದು ಮೀಟರಿನಾಚೆ ಮಸುಕು. ೨ರವನಿಗೆ ಅರ್ಧ ಮೀಟರಿನಾಚೆ. ೪ರವನಿಗೆ ಒಂದು ಗೇಣಿಗಿಂತ ಸ್ವಲ್ಪವೇ ಆಚೆಗಿನದೂ ಮಸುಕು. ಕನ್ನಡಕದ ನಿಮ್ನ ಮಸೂರವು ಬೆಳಕನ್ನು ಹಿಂದಕ್ಕೆ ತಳ್ಳಿ ನೋಟವನ್ನು ತಿಳಿಮಾಡುತ್ತದೆ. ಗೋಲದ ಉದ್ದವನ್ನು ಅದು ಕಡಮೆ ಮಾಡಲಾರದು.

ಕನ್ನಡಕದಿಂದ ಕಾಣುತ್ತದಷ್ಟೆ, ಮತ್ತೇಕೆ ಚಿಂತೆ ಎಂದು ಕೇಳಬಹುದು. ಬಿಜಾಪುರ, ಬೆಳಗಾವಿ, ಧಾರವಾಡಗಳ ಕಡೆ ಕಣ್ಣಿನ ರೋಗವೆಂದರೆ ಬಹುಕಾಲ ಪೊರೆಯೇ ಆಗಿದ್ದಿತು. ಬೀಳಗಿಯಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರು (೨೦೦೫ರಲ್ಲಿ ದಿವಂಗತರಾದರು) ಊರೂರು ತಿರುಗಿ ಶಿಬಿರಗಳನ್ನು ಹೂಡಿ, ಸಾಲಾಗಿ ಮಲಗಿಸಿದ ಮುದುಕರ ಪೊರೆ ತೆಗೆದುದು ಈ ಸೀಮೆಯ ಜನರ ನೆನಪಿನಲ್ಲಿ ಇನ್ನೂ ಹಸಿಯಾಗಿದೆ. ಪೊರೆಯು ಕೊಂಡ ದೃಷ್ಟಿಯು ಒಂದು ಬೆಳಗಿನ ಶಸ್ತ್ರಕ್ರಿಯೆಯಿಂದ ಮರಳಿ ಬರುತ್ತದೆ. ಆದರೆ ಗೋಲವು ಮಿತಿಮೀರಿ ಉದ್ದವಾದಾಗ ಒಳಗಿನ ಅಕ್ಷಿಪಟವು ಜಗ್ಗಿ ತೆಳುವಾಗುತ್ತದೆ. ನಡುವಯಸ್ಸಿನಲ್ಲಿ ಅದು ಹರಿಯಬಹುದು, ಕಳಚಬಹುದು, ನೋಟದ ನಟ್ಟನಡುವಣ ಭಾಗವು ಸವೆದುಹೋಗಬಹುದು. ಹೀಗೆ ಸವೆದುದನ್ನು ಕನ್ನಡಕವೂ ಶಸ್ತ್ರಕ್ರಿಯೆಯೂ ತಂದುಕೊಡಲಾರವು. ಸಾಮಾನ್ಯವಾಗಿ ೬ ಡಯಾಪ್ಟರುಗಳನ್ನು ಮುಟ್ಟಿದುದನ್ನು ಉಗ್ರವಾದ ಸಮೀಪದೃಷ್ಟಿಯೆನ್ನುತ್ತಾರೆ. ಆದರೂ ಅಪಾಯವು ಆ ಗೆರೆಯಲ್ಲಿ ಒಮ್ಮೆಗೇ ತಲೆದೋರುವುದಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರತಕ್ಕದ್ದು. ಬುಲ್ಲಿಮೋರ್ ಮತ್ತು ಬ್ರೆನನ್ ಎಂಬ ವಿದ್ವಾಂಸರು ೨೦೧೯ರಲ್ಲಿ ಹಲವು ದೇಶಗಳ ಅಂಕಿಗಳನ್ನು ಕೂಡಿಸಿ, ದೋಷವನ್ನು ೧ ಡಯಾಪ್ಟರಿನಷ್ಟು ತಡೆದರೂ ನಡುನೋಟದ ಸವೆತದ ಸಂಭವವು ನೂರಕ್ಕೆ ಸುಮಾರು ೪೦ರಷ್ಟು ಇಳಿಯುವುದೆಂದು ಗಣಿಸಿದರು. ಎಂಟು ವರ್ಷದ ಮಗುವಿನ ನಂಬರನ್ನು ಕುರಿತು ಚಿಂತಿಸುವುದು ಐವತ್ತು ವರ್ಷದ ಮನುಷ್ಯನ ಕಣ್ಣಿಗಾಗಿ ಎಂಬುದನ್ನು ಮರೆಯತಕ್ಕದ್ದಲ್ಲ.

ರೋಗದ ಹರಹು ಹಿಗ್ಗುತ್ತಿರುವುದರಲ್ಲಿ ಸಂದೇಹವಿಲ್ಲ. ದೆಹಲಿಯ ಶಾಲಾಬಾಲರ ಸಮೀಕ್ಷೆಯೊಂದರಲ್ಲಿ (೨೦೧೫) ೯,೮೮೪ ಮಕ್ಕಳನ್ನು ಪರೀಕ್ಷಿಸಿದಾಗ ನೂರಕ್ಕೆ ೧೩.೧ ಮಂದಿಗೆ ಸಮೀಪದೃಷ್ಟಿ ಇದ್ದಿತು. ಅದೇ ನಗರದಲ್ಲಿ ಈ ಶತಮಾನದ ಆರಂಭದಲ್ಲಿ ಕಂಡ ಪ್ರಮಾಣವು ೭.೪. ಕರ್ನಾಟಕಕ್ಕೆ ನೆರೆಯಾದ ಮಹಬೂಬನಗರದ ಹಳ್ಳಿಗಳಲ್ಲಿ ಅದೇ ಕಾಲಕ್ಕೆ ೪.೧. ಎಣಿಕೆಯ ಕ್ರಮಗಳು ಒಂದೇ ಆಗಿರಲಿಲ್ಲವಾದುದರಿಂದ ಇವನ್ನು ತಕ್ಕಡಿಯಲ್ಲಿಟ್ಟು ತೂಗುವುದು ಸರಿಯಲ್ಲ. ಹಳ್ಳಿಗಿಂತ ನಗರದಲ್ಲಿ ಹೆಚ್ಚು, ಹಿಂದಿಗಿಂತ ಈಗ ಹೆಚ್ಚು ಎಂಬಷ್ಟನ್ನು ಮಾತ್ರ ಹಿಡಿಯಬಹುದು.

ಇನ್ನು ಮದ್ದಿನ ಮಾತು. ಕನ್ನಡದ ಮದ್ದು ಎಂಬ ಶಬ್ದವು ವಿಚಿತ್ರವಾದುದು. ರೋಗವನ್ನು ಕಳೆಯುವುದೂ ಮದ್ದು. ‘ಮದ್ದಿಕ್ಕಿದರು’ ಎಂದಾಗ ಕೊಲ್ಲುವುದೂ ಮದ್ದು. ತೋಪಿನಲ್ಲಿ ಸಿಡಿಯುವುದೂ ಮದ್ದೇ. ಇಲ್ಲಿ ವಿಚಾರಿಸುತ್ತಿರುವ ಔಷಧವು ಈ ಶಬ್ದದ ಮೊದಲೆರಡು ಅರ್ಥಗಳಿಗೂ ಸಲ್ಲುವಂಥದು. ಯೂರೋಪಿನ ಬೆಲ್ಲಡೋನಾ ಗಿಡದಲ್ಲಿಯೂ ಈ ನಾಡಿನ ತಿಪ್ಪೆಗಳ ಮೇಲೆ, ಹಾಳು ಗೋಡೆಗಳ ಮಗ್ಗುಲಲ್ಲಿ ತಾನಾಗಿ ಬೆಳೆಯುವ ದತ್ತೂರಿಯಲ್ಲಿಯೂ ಇರುವ ಸತ್ವವದು. ದತ್ತೂರಿಯ ಕನ್ನಡ ಹೆಸರುಗಳೇ ಅದರ ಗುಣವನ್ನು ಸಾರುತ್ತವೆ. ಉಮ್ಮತ್ತವೆಂಬುದು ಸಂಸ್ಕೃತದ ಉನ್ಮತ್ತದ ತದ್ಭವ. ಮದ್ದುಗುಣಿಕೆ ಎಂಬುದರಲ್ಲಿ ಮದ್ದು ಸೇರಿಯೇ ಇದೆ. ವಿಷವೈದ್ಯವನ್ನೇ ವಸ್ತುವಾಗಿ ಹಿಡಿದ ಮಂಗರಾಜನ ಖಗೇಂದ್ರಮಣಿದರ್ಪಣವು ಇರುವ ಭಾಷೆಯಲ್ಲಿ ವಿಷಕ್ಕೂ ಔಷಧಕ್ಕೂ ನಡುವಣ ಗೆರೆಯು ಪ್ರಮಾಣವೆಂಬುದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಪಾಶ್ಚಾತ್ಯರಲ್ಲಿಯೂ ಇಂಥದೇ ಕಥೆ. ಬೆಲ್ಲಡೋನಾ ಎಂದರೆ ಇಟಲಿಯ ಮಾತಿನಲ್ಲಿ ಸುಂದರಿ. ಕಣ್ಣಿನ ಪಾಪೆಯು ಅಗಲವಾಗಿ ಕಂಗೊಳಿಸಲೆಂದು ಅಲ್ಲಿಯ ಸ್ತ್ರೀಯರು ಅದರ ರಸವನ್ನು ಬಿಟ್ಟುಕೊಳ್ಳುತ್ತಿದ್ದರೆಂದು ಹೇಳುತ್ತಾರೆ. ಗಿಡದ ಶಾಸ್ತ್ರೀಯನಾಮವಾದ ಅಟ್ರೋಪವು ಬಾಳಿನ ಎಳೆಯನ್ನು ಕತ್ತರಿಸುವ ಗ್ರೀಕ್ ದೇವತೆಯಾದ ಅಟ್ರೋಪಸಳಿಂದ ಬಂದುದು. ಒಂದೇ ಗಿಡಕ್ಕೆ ಚೆಲುವೆಯ ಹೆಸರೊಂದು, ಮೃತ್ಯುವಿನ ಹೆಸರೊಂದು. ೧೮೩೦ರ ದಶಕದಲ್ಲಿ ಜರ್ಮನಿಯ ರಸಾಯನಜ್ಞರು ಈ ಸತ್ವವನ್ನು ಬೇರ್ಪಡಿಸಿ ಅಟ್ರೋಪೀನ್ ಎಂದು ಕರೆದರು.

ಅಟ್ರೋಪೀನು ಪಾಪೆಯನ್ನು ಹಿಗ್ಗಿಸುತ್ತದೆ; ಹತ್ತಿರದ ವಸ್ತುವಿಗೆ ಕಣ್ಣನ್ನು ಹೊಂದಿಸುವ ಒಳಗಣ ಸ್ನಾಯುವನ್ನು ಸಡಿಲಿಸುತ್ತದೆ. ಓದುವಾಗ ಈ ಸ್ನಾಯುವು ಬಿಗಿಯುವುದರಿಂದಲೇ ಸಮೀಪದೃಷ್ಟಿ ಬರುವುದೆಂದು ನಂಬಿದ್ದ ಹತ್ತೊಂಬತ್ತನೆಯ ಶತಮಾನದ ವೈದ್ಯರಿಗೆ, ಸ್ನಾಯುವನ್ನು ಸಡಿಲಿಸಿದರೆ ರೋಗವೂ ನಿಂತೀತೆಂದು ತೋರಿದುದು ಸಹಜ. ಮದ್ದು ಸರಿಯಾಗಿದ್ದಿತು, ಕಾರಣವು ತಪ್ಪಾಗಿದ್ದಿತು. ಕೋಳಿಮರಿಯ ಕಣ್ಣಿನಲ್ಲಿ ಆ ಸ್ನಾಯುವಿನ ಜಾತಿಯೇ ಬೇರೆ. ಅಟ್ರೋಪೀನು ಅದನ್ನು ಮುಟ್ಟುವುದಿಲ್ಲ. ಆದರೂ ಅಟ್ರೋಪೀನು ಕೋಳಿಮರಿಗಳಲ್ಲಿ ಸಮೀಪದೃಷ್ಟಿಯನ್ನು ತಡೆಯಿತೆಂದು ೧೯೯೩ರಲ್ಲಿ ಪ್ರಕಟವಾದ ಪ್ರಯೋಗವು ತೋರಿಸಿಕೊಟ್ಟಿತು. ಆದುದರಿಂದ ಔಷಧದ ಕೆಲಸವು ಸ್ನಾಯುವಿನಲ್ಲಲ್ಲ, ಅಕ್ಷಿಪಟದಲ್ಲಿಯೋ ಗೋಲದ ಬಿಳಿಯ ಹೊರಪದರದಲ್ಲಿಯೋ ನಡೆಯುತ್ತಿರಬೇಕೆಂದು ಈಗ ತಿಳಿಯುತ್ತಾರೆ. ‘ಕಣ್ಣಿಗೆ ವಿಶ್ರಾಂತಿ ಕೊಡುವ ಹನಿ’ ಎಂದು ಇದನ್ನು ವರ್ಣಿಸುವುದು ಹಾಗಾದರೆ ಸರಿಯಲ್ಲ.

ವ್ಯವಸ್ಥಿತವಾದ ಪರೀಕ್ಷೆಯು ನಡೆದುದು ಸಿಂಗಪುರದಲ್ಲಿ. ೬ರಿಂದ ೧೨ ವರ್ಷದ ೪೦೦ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಒಂದು ಕಣ್ಣಿಗೆ ನೂರಕ್ಕೆ ೧ರ ಪ್ರಮಾಣದ ಹನಿಯನ್ನೂ, ಉಳಿದವರಿಗೆ ಔಷಧವಿಲ್ಲದ ಹುಸಿಹನಿಯನ್ನೂ ಎರಡು ವರ್ಷ ಬಿಟ್ಟರು. ೨೦೦೬ರಲ್ಲಿ ಹೊರಬಂದ ಫಲವು ಬೆರಗುಗೊಳಿಸುವಂತಿದ್ದಿತು. ಹುಸಿಹನಿಯವರ ದೋಷವು ೧.೨೦ ಡಯಾಪ್ಟರು ಏರಿದ್ದರೆ, ಮದ್ದಿನವರದು ೦.೨೮ ಮಾತ್ರ, ಗೋಲದ ಉದ್ದವು ಹುಸಿಹನಿಯವರಲ್ಲಿ ೦.೩೮ ಮಿಲಿಮೀಟರು ಬೆಳೆದಿದ್ದರೆ ಮದ್ದಿನವರಲ್ಲಿ ಬೆಳೆದಿರಲೇ ಇಲ್ಲ. ಆದರೆ ಈ ಪ್ರಮಾಣದ ಮದ್ದನ್ನು ಬಿಟ್ಟ ಕಣ್ಣಿಗೆ ಬಿಸಿಲು ಸಹಿಸುವುದಿಲ್ಲ, ಪುಸ್ತಕವೂ ಕಾಣಿಸುವುದಿಲ್ಲ. ಶಾಲೆಗೆ ಹೋಗುವ ಮಗುವಿಗೆ ಶಾಲೆಯ ಪುಸ್ತಕವನ್ನೇ ಮರೆಮಾಡುವ ಮದ್ದು ಹೇಗೆ ತಾನೆ ಸಂದೀತು? ಮೇಲಾಗಿ ಹನಿಯನ್ನು ನಿಲ್ಲಿಸಿದೊಡನೆ ದೋಷವು ತಡೆದ ನೀರಿನಂತೆ ನುಗ್ಗಿಬಂದಿತು.

ಆಗ ಅದೇ ನಗರದಲ್ಲಿ ೦.೫, ೦.೧, ೦.೦೧ ಎಂಬ ಮೂರು ತೆಳು ಪ್ರಮಾಣಗಳನ್ನು ಮತ್ತೆ ೪೦೦ ಮಕ್ಕಳಲ್ಲಿ ಹೋಲಿಸಿ ನೋಡಿದರು (೨೦೧೨). ಎರಡು ವರ್ಷಕ್ಕೆ ದೋಷದ ಏರಿಕೆಯು ಕ್ರಮವಾಗಿ ೦.೩೦, ೦.೩೮, ೦.೪೯ ಡಯಾಪ್ಟರು. ಬಳಿಕ ಒಂದು ವರ್ಷ ಹನಿ ನಿಲ್ಲಿಸಿದಾಗ ೦.೫ರವರು ೦.೮೭ರಷ್ಟು ಮರುಕಳಿಸಿದರು, ೦.೦೧ರವರು ೦.೨೮ರಷ್ಟು ಮಾತ್ರ. ಇಡಿಯ ಅವಧಿಯನ್ನು ಕೂಡಿಸಿ ನೋಡುವಾಗ ನೂರು ಪಾಲು ತೆಳುಮಾಡಿದ ಮದ್ದೇ ಗೆದ್ದಿತು. ಲೋಕವೆಲ್ಲ ೦.೦೧ರ ಹನಿಯನ್ನು ಹಿಡಿದುದು ಈ ಫಲದಿಂದ. ಭಾರತದಲ್ಲಿ ಸೀಸೆಗಳಲ್ಲಿ ಸಿದ್ಧವಾಗಿ ದೊರೆಯಲಾರಂಭಿಸಿದುದೂ ಅದೇ ಪ್ರಮಾಣದ್ದು.

ಇಲ್ಲಿ ಒಂದು ಅಂಕಿಯು ಎಲ್ಲರ ಕಣ್ತಪ್ಪಿಸಿಕೊಂಡಿತೆನ್ನಬೇಕು. ೦.೦೧ರ ಮಕ್ಕಳ ಗೋಲವು ಆ ಎರಡು ವರ್ಷಗಳಲ್ಲಿ ೦.೪೧ ಮಿಲಿಮೀಟರು ಬೆಳೆದಿದ್ದಿತು. ಹಿಂದಣ ಪರೀಕ್ಷೆಯಲ್ಲಿ ಹುಸಿಹನಿಯವರ ಬೆಳವಣಿಗೆಯು ೦.೩೮. ಹಾಗೆಂದರೆ ನಂಬರು ತಗ್ಗಿದಂತೆ ಕಂಡರೂ ಕಣ್ಣು ತನ್ನ ಪಾಡಿಗೆ ತಾನು ಉದ್ದವಾಗುತ್ತಲೇ ಇದ್ದಿತು. ಅಕ್ಷಿಪಟವು ಜಗ್ಗುವುದು ನಂಬರಿನಿಂದಲ್ಲ, ಉದ್ದದಿಂದ. ಆದುದರಿಂದ ಮದ್ದಿನ ಬೆಲೆಯನ್ನು ಕಟ್ಟಬೇಕಾದುದು ಕನ್ನಡಕದ ಚೀಟಿಯಿಂದಲ್ಲ, ಗೋಲದ ಅಳತೆಯಿಂದ. ಎರಡು ಬೇರೆ ಬೇರೆ ಪರೀಕ್ಷೆಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡುವುದು ಪೂರ್ಣ ನ್ಯಾಯವಲ್ಲವೆಂಬುದು ಸರಿ. ಆದರೆ ಸಂಶಯಕ್ಕೆ ಆಧಾರವು ಮುಂದೆಯೂ ದೊರಕುತ್ತ ಹೋಯಿತು. ಭಾರತದಲ್ಲಿಯೇ, ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯವರು ಮುಂದಾಗಿ ಹಲವು ಕೇಂದ್ರಗಳಲ್ಲಿ ೧೦೦ ಮಕ್ಕಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ (೨೦೨೧) ಒಂದು ವರ್ಷಕ್ಕೆ ದೋಷದ ಏರಿಕೆಯು ೦.೦೧ರವರಲ್ಲಿ ೦.೧೬, ಹುಸಿಹನಿಯವರಲ್ಲಿ ೦.೩೫, ಅರ್ಧಕ್ಕಿಂತ ಹೆಚ್ಚು ತಡೆ. ಉದ್ದದಲ್ಲಾದರೋ ೦.೨೨ ಮತ್ತು ೦.೨೮, ಗಣಿತದ ಒರೆಗೆ ನಿಲ್ಲದಷ್ಟು ಸಣ್ಣ ಅಂತರ. ಅಮೇರಿಕದಲ್ಲಿ ೧೮೭ ಮಕ್ಕಳ ಮೇಲೆ ನಡೆದು ೨೦೨೩ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ೦.೦೧ರ ಹನಿಗೂ ಹುಸಿಹನಿಗೂ ಎರಡು ವರ್ಷದ ಕೊನೆಗೆ ಭೇದವೇ ಕಾಣಲಿಲ್ಲ.

ಹಾಂಕಾಂಗಿನ ಪರೀಕ್ಷೆಯು (೨೦೧೯) ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿತು. ೪ರಿಂದ ೧೨ ವರ್ಷದ ೪೩೮ ಮಕ್ಕಳಿಗೆ ೦.೦೫, ೦.೦೨೫, ೦.೦೧ ಹಾಗೂ ಹುಸಿಹನಿಗಳನ್ನು ಹಂಚಿ ಒಂದು ವರ್ಷದ ಮೇಲೆ ಅಳೆದಾಗ ದೋಷದ ಏರಿಕೆಯು ಕ್ರಮವಾಗಿ ೦.೨೭, ೦.೪೬, ೦.೫೯, ೦.೮೧, ಉದ್ದದ ಏರಿಕೆಯು ೦.೨೦, ೦.೨೯, ೦.೩೬, ೦.೪೧. ಪ್ರಮಾಣವು ಹೆಚ್ಚಿದಂತೆ ಫಲವೂ ಮೆಟ್ಟಿಲಾಗಿ ಹೆಚ್ಚಿರುವುದು ಕಾಣುತ್ತದೆ. ೦.೦೫ರ ಹನಿಯೊಂದೇ ಉದ್ದವನ್ನು ಅರ್ಧಕ್ಕೆ ತಡೆದುದು. ಅದರಿಂದ ಪಾಪೆಯು ಸುಮಾರು ೧ ಮಿಲಿಮೀಟರು ಮಾತ್ರ ಹಿಗ್ಗಿತಾಗಿ ಮಕ್ಕಳ ಓದಿಗೆ ಅಡ್ಡಿಯಾಗಲಿಲ್ಲ. ವಯಸ್ಸು ಕಿರಿದಾದಷ್ಟೂ ಕಣ್ಣಿನ ಬೆಳವಣಿಗೆಯು ತೀವ್ರವಾದುದರಿಂದ, ೬ ವರ್ಷದ ಮಗುವಿನಲ್ಲಿ ೦.೦೫ ಮಾಡುವ ಕೆಲಸವನ್ನು ೧೦ ವರ್ಷದವನಲ್ಲಿ ೦.೦೧ ಮಾಡಬಲ್ಲುದೆಂದು ಅದೇ ಪಂಡಿತರು ಬಳಿಕ ತೋರಿಸಿದರು. ಇವೆಲ್ಲವನ್ನೂ ಕೂಡಿಸಿ ನೋಡಿದರೆ, ೦.೦೧ರ ಸೀಸೆಯನ್ನು ಎಲ್ಲ ಮಕ್ಕಳಿಗೂ ಒಂದೇ ಸಮನಾಗಿ ಬರೆದುಕೊಡುವ ರೂಢಿಯು ಸಡಿಲಬೇಕಾಗಿದೆ ಎಂದೇ ಹೇಳಬೇಕು. ಅದರಲ್ಲಿಯೂ ಬೇಗ ಏರುವ ಎಳೆಯರಲ್ಲಿ ಅದು ಸಾಲದು.

ಬೆಳಗಾವಿಯಲ್ಲಿ ೧೯೬೩ರಿಂದ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯವಿದೆ. ಸರಕಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಇದೆ. ಶಿವಬಸವನಗರದ ತಂದೆತಾಯಿಗಳಿಗೆ ನೇತ್ರವೈದ್ಯರು ದೂರದವರಲ್ಲ. ಆದರೂ ಮದ್ದಿನ ಹೆಸರು ಬಾಯಿಂದ ಬಾಯಿಗೆ ಹರಡುವಾಗ ಪ್ರಮಾಣವು ಜಾರಿಹೋಗುವ ಭಯವುಂಟು. ಪರೀಕ್ಷೆಗಾಗಿ ಪಾಪೆ ಹಿಗ್ಗಿಸುವುದಕ್ಕೆ ಬಳಸುವ ನೂರಕ್ಕೆ ೧ರ ಅಟ್ರೋಪೀನೂ ಔಷಧದ ಅಂಗಡಿಯಲ್ಲಿದೆ. ಹೆಸರು ಒಂದೇ, ಬಲವು ನೂರು ಪಟ್ಟು. ೫ ಮಿಲಿಲೀಟರಿನ ಅಂಥ ಸೀಸೆಯೊಂದರಲ್ಲಿ ೫೦ ಮಿಲಿಗ್ರಾಂ ಅಟ್ರೋಪೀನಿರುತ್ತದೆ; ಚಿಕ್ಕ ಮಗುವು ಅದನ್ನು ಕುಡಿದರೆ ಬಾಯಾರಿ, ಮೈ ಕೆಂಪಾಗಿ, ಜ್ವರವೇರಿ, ಮದ್ದುಗುಣಿಕೆ ತಿಂದವರಂತೆ ಬಡಬಡಿಸತೊಡಗುವುದು; ಪ್ರಾಣಕ್ಕೂ ಅಪಾಯವುಂಟು. ಅದನ್ನು ಮನೆಯಲ್ಲಿ ನೀರು ಬೆರೆಸಿ ತೆಳುಮಾಡಿಕೊಳ್ಳುವುದಂತೂ ಸರ್ವಥಾ ಕೂಡದು.

ಹನಿ ಬಿಡುವ ಕ್ರಮವು ಕಠಿನವಲ್ಲ. ರಾತ್ರಿ ಮಲಗುವ ಮುನ್ನ ಎರಡು ಕಣ್ಣಿಗೂ ಒಂದೊಂದು ಹನಿ. ಬಿಟ್ಟ ಮೇಲೆ ಕಣ್ಣಿನ ಮೂಗಿನ ಕಡೆಯ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿದರೆ ಮದ್ದು ಮೂಗಿಗೆ ಇಳಿದು ಮೈಗೆ ಸೇರುವುದು ತಪ್ಪುತ್ತದೆ. ತೆರೆದ ಸೀಸೆಯನ್ನು ತಿಂಗಳ ಮೇಲೆ ಇಟ್ಟುಕೊಳ್ಳಬಾರದು. ಆರಂಭಿಸುವ ಮುನ್ನ ಪಾಪೆ ಹಿಗ್ಗಿಸಿ ನಂಬರನ್ನು ನೋಡುವುದೂ ಗೋಲದ ಉದ್ದವನ್ನು ಯಂತ್ರದಿಂದ ಅಳೆಯುವುದೂ ಆಗಬೇಕು. ಆರಾರು ತಿಂಗಳಿಗೊಮ್ಮೆ ಅದೇ ಅಳತೆ ಮತ್ತೆ. ಎರಡು ಮೂರು ವರ್ಷಗಳಿಗೆ ಕಡಮೆಯಿಲ್ಲದೆ ನಡೆಯತಕ್ಕ ಈ ಚಿಕಿತ್ಸೆಯನ್ನು ನಡುವೆ ಥಟ್ಟನೆ ಬಿಟ್ಟರೆ, ಮುಖ್ಯವಾಗಿ ಎಳೆಯರಲ್ಲಿ, ತಡೆದುದೆಲ್ಲ ಮರುಕಳಿಸಬಹುದು. ಬೆಳವಣಿಗೆಯು ತಣಿಯುವ ವಯಸ್ಸಿನವರೆಗೆ ನಡೆಸಿ, ಮೆಲ್ಲಮೆಲ್ಲನೆ ಇಳಿಸುವುದು ಲೇಸು. ಹನಿ ಬಿಡುವ ಮಗುವಿಗೆ ಕನ್ನಡಕವು ಬೇಕೇ ಬೇಕು. ನಂಬರು ಏರದಿರಲೆಂದು ಕನ್ನಡಕವನ್ನು ಬೇಕೆಂದೇ ಕಡಮೆಮಾಡಿ ಕೊಡುವ ಪದ್ಧತಿಯೊಂದು ಹಿಂದೆ ಇದ್ದಿತು. ಮಲೇಶಿಯದಲ್ಲಿ ೯೪ ಮಕ್ಕಳಲ್ಲಿ ಅದನ್ನು ಪರೀಕ್ಷಿಸಿದಾಗ (೨೦೦೨) ದೋಷವು ಇನ್ನಷ್ಟು ಬೇಗ ಏರಿತು.

ದೋಷವಿನ್ನೂ ಬಾರದ ಮಕ್ಕಳಿಗೆ ಹನಿಗಿಂತ ಸುಲಭವಾದ ಉಪಾಯವೊಂದುಂಟು. ಚೀನದ ಗುವಾಂಗ್‌ಜೋವಿನ ಶಾಲೆಗಳಲ್ಲಿ ದಿನಕ್ಕೆ ೪೦ ನಿಮಿಷ ಹೆಚ್ಚಾಗಿ ಬಯಲಿನಲ್ಲಿ ಕಳೆಯುವ ಏರ್ಪಾಡು ಮಾಡಿದಾಗ ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ನೂರಕ್ಕೆ ೩೦.೪, ಹಾಗೆ ಮಾಡದ ಶಾಲೆಗಳಲ್ಲಿ ೩೯.೫ (೨೦೧೫). ಹಗಲಿನ ಬೆಳಕೇ ಇಲ್ಲಿ ಮದ್ದು. ಬೆಳಗಾವಿಯಲ್ಲಿ ಜೂನಿನಿಂದ ಸೆಪ್ಟಂಬರಿನವರೆಗೆ ಮಳೆಯು ಮಕ್ಕಳನ್ನು ಒಳಗೆ ಕೂಡಿಹಾಕುತ್ತದೆಂಬುದು ನಿಜವಾದರೂ, ಉಳಿದ ಎಂಟು ತಿಂಗಳ ಬಿಸಿಲಿಗೆ ಇಲ್ಲಿ ಕೊರತೆಯಿಲ್ಲ. ಕೊರತೆಯಾಗಿರುವುದು ಆಟದ ವೇಳೆಗೆ. ಪರೀಕ್ಷೆ ಹತ್ತಿರ ಬಂದೊಡನೆ ವೇಳಾಪಟ್ಟಿಯಿಂದ ಮೊದಲು ಅಳಿಸಲ್ಪಡುವುದು ಆಟದ ಪಿರಿಯಡು.

ಖಾನಾಪುರದ ಕಡೆ ಕಾಡಂಚಿನ ಹಳ್ಳಿಗಳಲ್ಲಿ ಬಯಲಿಗೆ ಬರವಿಲ್ಲ. ಅಲ್ಲಿಯ ಮಗುವಿಗೆ ದೋಷವು ಬಂದರೆ ಕಂಡುಹಿಡಿಯುವವರಿಲ್ಲವೆಂಬುದೇ ತೊಂದರೆ. ಮಗುವು ತನ್ನ ಮಬ್ಬುನೋಟವೇ ಲೋಕದ ಸ್ವರೂಪವೆಂದು ತಿಳಿದಿರುತ್ತದೆ, ಮನೆಯಲ್ಲಿ ಹೇಳಿಕೊಳ್ಳುವುದಿಲ್ಲ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯತಂಡಗಳು ಸರಕಾರಿ ಶಾಲೆಗಳಿಗೆ ಬಂದು ನೋಡುವ ದೋಷಗಳಲ್ಲಿ ದೃಷ್ಟಿದೋಷವೂ ಸೇರಿದೆ. ಆದರೆ ಆ ತಂಡವು ದಿನಾಲು ಬರುವುದಲ್ಲ. ದಿನಾಲು ಎದುರಿಗಿರುವವರು ಉಪಾಧ್ಯಾಯರು. ಕರಿಹಲಗೆಯನ್ನು ಬಿಟ್ಟು ಪಕ್ಕದವನ ಪಟ್ಟಿಯನ್ನು ನೋಡಿ ಬರೆಯುವವನು, ಕಣ್ಣನ್ನು ಕಿರಿದುಮಾಡಿ ನೋಡುವವನು, ಪದ್ಯವನ್ನು ಬಾಯಿಂದ ತಪ್ಪಿಲ್ಲದೆ ಹೇಳಿ ಹಲಗೆಯಿಂದ ಎತ್ತಿ ಬರೆಯುವಾಗ ಅಕ್ಷರ ತಪ್ಪುವವನು ದಡ್ಡನೆನಿಸಿಕೊಳ್ಳುವ ಮೊದಲು ಪರೀಕ್ಷೆಗೆ ಒಳಗಾಗಬೇಕು. ಅದಕ್ಕೆ ಬೇಕಾದುದು ಅಕ್ಷರಗಳ ಒಂದು ಪಟ, ೬ ಮೀಟರು ಉದ್ದದ ಬೆಳಕುಳ್ಳ ಪಡಸಾಲೆ, ಒಂದೊಂದು ಕಣ್ಣನ್ನು ಬೇರೆಬೇರೆಯಾಗಿ ಮುಚ್ಚುವುದಕ್ಕೆ ಒಂದು ರಟ್ಟಿನ ತುಂಡು. ಎರಡು ಕಣ್ಣನ್ನೂ ತೆರೆದು ಓದಿಸಿದರೆ ಚೆನ್ನಾದ ಕಣ್ಣು ಕೆಟ್ಟುದನ್ನು ಮರೆಸಿಬಿಡುತ್ತದೆ.